ಹಿಡಿದವರ ಹೆಸರು

ಬೋಗೋರಿನ ಈ ಮ್ಯೂಸಿಯಮ್ಮಿನಲ್ಲಿ
ತಲೆಬುರುಡೆ ಬಿಡಿಸುವುದು ನನ್ನ ಕೆಲಸ.
ಹೆಸರು ಎಂತಿಸ್. ಮೂವತ್ತೊಂದು ವರ್ಷವಾಯಿತು.
ಕೈಗಂಟಿದ ಸ್ಪಿರಿಟ್ಟಿನ ವಾಸನೆಗೆ
ಮೊಮ್ಮಗಳು ಮಡಿಲಿಗೆ ಬರುವುದಿಲ್ಲ.

ಡಾಕ್ಟರ್ ನೆನೆಂಗ್ ಬಂದದ್ದು ಒಂದು ಸೋಮವಾರ,
ಕೈಯಲ್ಲೊಂದು ಗಾಜಿನ ಭರಣಿ.
ಒಳಗೆ ಸೊಂಡಿಲಿ, ಎಂಬತ್ತೈದು ವರ್ಷದಿಂದ
ತಲೆಕೆಳಗಾಗಿ, ಚಹಾ ಬಣ್ಣದ ದ್ರವದಲ್ಲಿ
ತಳಕ್ಕೆ ಮೂಗೊತ್ತಿ
ಏನನ್ನೋ ಹುಡುಕುತ್ತಿರುವ ಹಾಗೆ.
"ಇದರ ಬುರುಡೆ ಬೇಕು ಎಂತಿಸ್, ಮುರಿಯಬಾರದು."
ಮೂರು ಅಕ್ಕಿಕಾಳು ಸಾಲಾಗಿಟ್ಟಷ್ಟು ಉದ್ದ.
ಮುರಿಯಬಾರದಂತೆ!

ಇದು ಇಲಿಯಲ್ಲ, ಇಲಿಯ ನೆಂಟನೂ ಅಲ್ಲ.
ಕಂಡವರೆಲ್ಲ ಇಲಿ ಅನ್ನುತ್ತಾರೆ,
ಪೊರಕೆ ಎತ್ತಿದವರು ಹಲ್ಲು ನೋಡುತ್ತಾರೆಯೆ?

ಮೂರು ದಿನ ಸೂಜಿ, ನೀರು, ಬಿಗಿಹಿಡಿದ ಉಸಿರು.
ಫ್ಯಾನು ಆರಿಸಿ ಕೂತೆ.
ಸೀನು ಬಂದಾಗ ವರಾಂಡಕ್ಕೆ ಓಡಿದೆ.
ನಾಲ್ಕನೆಯ ದಿನ
ಕರಿ ಬಟ್ಟೆಯ ಮೇಲೆ ಅದು ಇತ್ತು,
ಯಾರೋ ಕತ್ತರಿಸಿ ಬಿಸಾಡಿದ ಉಗುರಿನಷ್ಟು ಬೆಳ್ಳಗೆ.

ಅವಳು ಕ್ಯಾಲಿಪರ್ ಹಿಡಿದು ಅಂಕಿ ಹೇಳಿದಳು,
ನಾನು ಬರೆದುಕೊಂಡೆ.
ಮೇಲ್ದವಡೆಯ ಮೂರನೆಯ ಒಂಟಿಮೊನೆ
ಇರಬೇಕಾದ್ದಕ್ಕಿಂತ ಕೂದಲೆಳೆ ದೊಡ್ಡದು.
ಬಾಲದ ನೀಳ ರೋಮ ತುದಿಯವರೆಗೂ ಇದೆ.
ಕಪಾಟಿನಲ್ಲಿ ಇಂಥವೇ ಇನ್ನೂ ಹನ್ನೊಂದು,
ಎಲ್ಲದರ ಕಾಲಿಗೂ ಬೇರೊಂದು ಜಾತಿಯ ಹೆಸರು.
ಮತ್ತೆ ಅಳೆದಳು. ಮತ್ತೆ.
ಊಟದ ಡಬ್ಬಿ ಮುಚ್ಚಿದಂತೆಯೇ ಸಂಜೆಯಾಯಿತು.

ಹೊಟ್ಟೆಯಲ್ಲಿ ಅರೆ ಅಗಿದ ಸಹಸ್ರಪದಿ.
ಅದನ್ನೂ ಬಲ್ಲವರಿಗೆ ಕಳಿಸಿದಳು.
"ಇದಕ್ಕೂ ಹೆಸರಿಲ್ಲ" ಎಂದು ಬರೆದರಂತೆ.

ಕಾಲಿನ ಚೀಟಿಯಲ್ಲಿ ಡಚ್ಚರ ಓರೆ ಅಕ್ಷರ:
ಹೆಣ್ಣು. ಗುನುಂಗ್ ಲೆಂಗ್ಸೆರ್. ಸಾವಿರದ ನಾನೂರು ಮೀಟರು.
ಮಾರ್ಚ್ ೧೯೩೮. ಹಿಡಿದವರು: ಮಂತ್ರಿ.

ಮಂತ್ರಿಯೆಂದರೆ ಇಲ್ಲಿ ಆಗ
ದರ್ಬಾರಿನಲ್ಲಿ ಕೂತವನಲ್ಲ;
ಬೋನು ಹೊತ್ತು, ದೊರೆಗಿಂತ ಹತ್ತು ಹೆಜ್ಜೆ ಮುಂದೆ
ಜಿಗಣೆ ಕಿತ್ತುಕೊಳ್ಳುತ್ತ ಬೆಟ್ಟ ಹತ್ತುವ
ಸಣ್ಣ ಸಂಬಳದವನು.
ಯಾವ ಮಂತ್ರಿ? ಯಾರ ಮಗ?
ಸಂಬಳದ ಪುಸ್ತಕ ತೆಗೆಸಿದಳು.
ಗೆದ್ದಲು ನಮಗಿಂತ ಮೊದಲೇ ಓದಿ ಮುಗಿಸಿತ್ತು.

ಲೆಂಗ್ಸೆರಿಗೂ ಹೋದೆವು.
ಸಾವಿರದ ನಾನೂರು ಮೀಟರಿನಲ್ಲಿ ಈಗ ಎಲೆಕೋಸು.
ಮೇಲೆ ಉಳಿದ ತುಂಡು ಕಾಡಿನಲ್ಲಿ
ಅರವತ್ತು ಬಕೆಟ್ಟು ಹೂತು ಹದಿನೆಂಟು ರಾತ್ರಿ ಕಾದೆವು.
ಕಪ್ಪೆ, ಜೇಡ, ಒಂದು ಮಕ್ಕಳ ಚಪ್ಪಲಿ.
ಬೆಟ್ಟ ಅಗೆದದ್ದು ನಿಜ, ಇಲಿಯೂ ಸಿಗಲಿಲ್ಲ.
ಕೋಸು ಕೊಯ್ಯುತ್ತಿದ್ದ ಮುದುಕಿ ಓಯೋಹ್
ಭರಣಿಯ ಚಿತ್ರ ನೋಡಿ ನಕ್ಕಳು:
"ಬೆಕ್ಕು ಕೊಂದು, ತಿನ್ನದೆ ಬಿಡುತ್ತಲ್ಲ, ಅದಾ?
ಮೊದಲು ಬಾಗಿಲಲ್ಲೇ ಬಿದ್ದಿರುತ್ತಿತ್ತು.
ಗುಡಿಸಿ ಎಸೆಯುತ್ತಿದ್ದೆವು."

ಲೇಖನ ಅಚ್ಚಾಯಿತು, ಇಪ್ಪತ್ತೆರಡು ಪುಟ.
ಭರಣಿಗೆ ಕೆಂಪು ಚೀಟಿ ಬಿತ್ತು.
ಲ್ಯಾಟಿನ್ನಿನ ಪಕ್ಕ, ಓರೆ ಅಕ್ಷರದಲ್ಲೇ,
ನೆನೆಂಗ್ ಇಟ್ಟ ಹೆಸರು: ಮಂತ್ರಿ.
ಸ್ವಭಾವ: ತಿಳಿಯದು. ಕೂಗು: ತಿಳಿಯದು.
ಈಗಲೂ ಇದೆಯೆ ಎಂಬ ಸಾಲನ್ನು
ಸಂಪಾದಕರು ಎರಡು ಸಲ ತಿದ್ದಿಸಿದರು.

ನಿನ್ನೆ ಕ್ಯಾಂಟೀನಿನ ಬೆಕ್ಕು
ಬುರುಡೆ ಕೋಣೆಯ ಹೊಸ್ತಿಲ ಮೇಲೆ
ಒಂದನ್ನು ತಂದಿಟ್ಟು, ಮೂಸಿ,
ಮುಖ ಸಿಂಡರಿಸಿ ಹೊರಟುಹೋಯಿತು.
ಓಡಿದೆ, ಈ ವಯಸ್ಸಿನಲ್ಲಿ.
ಭೂತಗನ್ನಡಿ ಹಚ್ಚಿ ತುಟಿ ಸರಿಸಿ ಎಣಿಸಿದೆ,
ಒಂಟಿಮೊನೆ ನಾಲ್ಕು.
ಊರ ತುಂಬ ಇರುವ ಮನೆ ಸೊಂಡಿಲಿ.

ಆದರೂ ಚೀಟಿ ಕಟ್ಟಿದೆ.
ಗಂಡು. ಬೋಗೋರ್. ದಿನಾಂಕ.
ಹಿಡಿದವರು: ಬೆಲಾಂಗ್,
ಕ್ಯಾಂಟೀನಿನ ಬೆಕ್ಕು, ಹೆಣ್ಣು,
ಎಡಗಿವಿ ಹರಿದಿದೆ.